ಹಾಸಿಗೆಯ ಕೆಳಗಿನ ಬ್ಯಾಟರಿ

ಸೋಲಾರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ, "ಆಂಟಿ, ನಿಮಗೆ ಯಾವಾಗ್ಲಾದ್ರೂ ಜೋರಾಗಿ ಶಾಕ್ ಹೊಡ್ದಿದ್ಯಾ?" ಎಂದು ಕೇಳುತ್ತಾರೆ. ಹೊಡೆದಿದೆ. ಆದರೆ ನನ್ನನ್ನು ಹೆದರಿಸಿದ್ದು ಶಾಕ್ ಅಲ್ಲ. ಹನ್ನೆರಡು ವೋಲ್ಟಿನ ಬ್ಯಾಟರಿಯನ್ನು ಬರಿಗೈಯಲ್ಲಿ ಮುಟ್ಟಿದರೂ ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲವಾದ್ದರಿಂದಲೇ ಅದಕ್ಕೆ ಯಾರೂ ಹೆದರುವುದಿಲ್ಲ. ನನಗೆ ಆ ಹೆದರಿಕೆ ಹೇಗೆ ಬಂತು, ಬಂದದ್ದು ಏಕೆ ಹೋಗಲಿಲ್ಲ ಎಂಬುದನ್ನು ಬರೆದಿಡೋಣವೆನ್ನಿಸಿತು. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ಅದನ್ನು ಬಿಟ್ಟುಬಿಡುತ್ತೇನೆ.

ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಗೇ ಸೇರಿದ್ದ ಕಾಲ. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಬೆಂಗಳೂರಿನಲ್ಲಿ ರೇಡಿಯೊ ಜೋಡಿಸುವ ಕಾರ್ಖಾನೆಯಲ್ಲಿದ್ದ ನಾನು ಅದು ಮುಚ್ಚಿದ ಮೇಲೆ ಊರಿಗೆ ಬಂದು ಒಂದು ಸಣ್ಣ ಸೋಲಾರ್ ಕಂಪನಿಯ ಸರ್ವೀಸ್ ವಿಭಾಗಕ್ಕೆ ಸೇರಿದೆ. ಅಲ್ಲಿ ನನ್ನ ಮೇಲಿನವರು ಶಂಕರಪ್ಪ ಸಾರ್. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆಯವರು. ಯಾವ ಮನೆಗೆ ಹೋದರೂ ಬಾಗಿಲಲ್ಲೇ ನಿಂತು ಒಮ್ಮೆ ಮೂಗರಳಿಸಿ ಗಾಳಿ ಎಳೆದುಕೊಳ್ಳುತ್ತಿದ್ದರು. ಆಮೇಲೆಯೇ ಒಳಗೆ ಕಾಲಿಡುತ್ತಿದ್ದದ್ದು. ಮೊದಮೊದಲು ನನಗೆ ನಗು ಬರುತ್ತಿತ್ತು.

ಆ ನಗು ದಿಬ್ಬೂರಹಳ್ಳಿಯಲ್ಲಿ ನಿಂತಿತು. ಅಲ್ಲೊಬ್ಬರ ರೇಷ್ಮೆ ಹುಳುಮನೆಗೆ ಸೋಲಾರ್ ದೀಪ ಹಾಕಿದ್ದೆವು. ದೀಪ ಮಂಕಾಗಿದೆ ಎಂದು ಹೇಳಿ ಕಳಿಸಿದ್ದರು. ನಾವು ಹೋದಾಗ ಮನೆಯ ಯಜಮಾನ ಬ್ಯಾಟರಿಯ ಮುಚ್ಚಳಗಳನ್ನು ಬಿಚ್ಚಿ, ಒಳಗೆ ನೀರೆಷ್ಟಿದೆ ಎಂದು ನೋಡಲು ಬೆಂಕಿಕಡ್ಡಿ ಗೀರುತ್ತಿದ್ದರು. ಶಂಕರಪ್ಪ ಸಾರ್ ಬಾಗಿಲಿನಿಂದಲೇ "ಏಯ್!" ಎಂದು ಕೂಗಿದ್ದು ನೆನಪಿದೆ. ಆಮೇಲೆ ಢಂ ಎಂಬ ಸದ್ದು. ಬ್ಯಾಟರಿಯ ಮೇಲ್ಭಾಗ ಹಾರಿಹೋಗಿತ್ತು. ಯಜಮಾನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುಸಿದರು. ಸಾರ್ ಅವರನ್ನು ದರದರ ಎಳೆದು ತೊಟ್ಟಿಯ ಪಕ್ಕ ಕೂರಿಸಿ, ಕಣ್ಣಿನ ರೆಪ್ಪೆ ಬಲವಂತವಾಗಿ ತೆರೆದು, ಕೊಡದ ಮೇಲೆ ಕೊಡ ನೀರು ಹೊಯ್ಯಲು ನನಗೆ ಹೇಳಿದರು. ಅರ್ಧ ನೀರು ನನ್ನ ಸೀರೆಯ ಮೇಲೇ ಬೀಳುತ್ತಿತ್ತು. ಆ ಮನುಷ್ಯನ ಕಣ್ಣು ಉಳಿಯಿತು. ಆದರೆ ಹುಬ್ಬು ಮತ್ತೆ ಬೆಳೆಯಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಸಾರ್ ಹೇಳಿದರು: "ಬ್ಯಾಟರಿಗೆ ಹೊಟ್ಟೆ ತುಂಬಿದ ಮೇಲೂ ತುರುಕ್ತಾ ಇದ್ರೆ ಗ್ಯಾಸ್ ಬಿಡ್ತದಮ್ಮ. ಆ ಗ್ಯಾಸು ಒಂದು ಕಿಡಿಗೆ ಕಾಯ್ತಿರ್ತದೆ, ಅಷ್ಟೇ."

ಆ ಗ್ಯಾಸ್ ಎಷ್ಟು ಹುಟ್ಟಬೇಕು ಎಂಬುದು ಚಾರ್ಜ್ ಕಂಟ್ರೋಲರ್ ಕೈಯಲ್ಲಿರುತ್ತದೆ. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂರಿಸುವ ಚಿಕ್ಕ ಪೆಟ್ಟಿಗೆ ಅದು. ಬಿಸಿಲಿನಿಂದ ಬಂದ ಕರೆಂಟನ್ನು ಬ್ಯಾಟರಿಗೆ ಎಷ್ಟು ಕೊಡಬೇಕು, ಎಲ್ಲಿ ಕೈ ಹಿಡಿಯಬೇಕು ಎಂದು ನೋಡಿಕೊಳ್ಳುತ್ತದೆ. ಆದರೆ ತನಗೆ ಕಟ್ಟಿರುವುದು ಯಾವ ಜಾತಿಯ ಬ್ಯಾಟರಿ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ನಾವೇ ಹೇಳಬೇಕು. ಆಗಿನ ಪೆಟ್ಟಿಗೆಗಳಲ್ಲಿ ಜಂಪರ್ ಎಂಬ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ತುಂಡು ಇರುತ್ತಿತ್ತು. ಅದನ್ನು ಒಂದು ಜಾಗದಲ್ಲಿ ಚುಚ್ಚಿದರೆ ನೀರು ಹಾಕುವ ಟ್ಯೂಬುಲರ್ ಬ್ಯಾಟರಿ, ಇನ್ನೊಂದು ಜಾಗದಲ್ಲಿ ಚುಚ್ಚಿದರೆ ನೀರು ಬೇಡದ ಸೀಲ್ಡ್ ಬ್ಯಾಟರಿ. ಟ್ಯೂಬುಲರ್‌ಗೆ ಆಗೊಮ್ಮೆ ಈಗೊಮ್ಮೆ ಹದಿನೈದು ವೋಲ್ಟ್ ದಾಟಿಸಿ ಒಳಗಿನ ದ್ರಾವಣ ಕುದಿಸುವುದು ಒಳ್ಳೆಯದೇ. ಹುಟ್ಟಿದ ಗ್ಯಾಸಿಗೆ ಸುಲಭದ ದಾರಿಯಿಲ್ಲದ ಸೀಲ್ಡ್ ಬ್ಯಾಟರಿಗೆ ಅದೇ ಕಂಟಕ. ಶಂಕರಪ್ಪ ಸಾರ್ ಇದನ್ನು ತಮ್ಮ ಮನೆಯ ಭಾಷೆಯಲ್ಲಿ ಹೇಳುತ್ತಿದ್ದರು: "ಚಾಕಿ ಅಂದ್ರೆ ಮರಿ ಹುಳಕ್ಕೆ ಎಳೆ ಸೊಪ್ಪು, ದೊಡ್ಡ ಹುಳಕ್ಕೆ ಬಲಿತ ಸೊಪ್ಪು. ತಟ್ಟೇಲಿ ಯಾವ ಹುಳ ಐತೆ ಅಂತ ನೋಡ್ದೆ ಸೊಪ್ಪು ಹಾಕೋನು ರೈತನೇ ಅಲ್ಲ."

ಕಡಿಮೆಯಾದರೂ ಕಷ್ಟವೇ. ಗೌರಿಬಿದನೂರಿನ ಪಕ್ಕ ಕುಡುಮಲಕುಂಟೆಯ ಕಾರ್ಖಾನೆಗಳ ಹತ್ತಿರ ಹಲ್ಲಿನ ಡಾಕ್ಟರೊಬ್ಬರು ವ್ಯಾನಿನಲ್ಲೇ ಕ್ಲಿನಿಕ್ ಮಾಡಿಕೊಂಡು ಬರುತ್ತಿದ್ದರು. ಅದರ ಬ್ಯಾಟರಿ ಟ್ಯೂಬುಲರ್, ಜಂಪರ್ ಮಾತ್ರ ಸೀಲ್ಡ್ ಜಾಗದಲ್ಲಿ. ಯಾರೋ ಬೇರೆಯವರು ಕೂರಿಸಿದ್ದು. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿ ಒಂದು ದಿನ ಒಬ್ಬ ಕಾರ್ಮಿಕನ ದವಡೆ ಹಲ್ಲು ಅರ್ಧ ಕಿತ್ತಿರುವಾಗ ಸತ್ತುಹೋಯಿತು. ಮುಚ್ಚಿದ ವ್ಯಾನು, ಕತ್ತಲು, ರಕ್ತ ಹೀರುವ ಯಂತ್ರವೂ ಬಂದ್. ನಾನು ತಲುಪುವಷ್ಟರಲ್ಲಿ ಯಾರದೋ ಲಾರಿಯ ಹೆಡ್‌ಲೈಟಿಗೆ ವ್ಯಾನಿನ ಬಾಗಿಲು ತಿರುಗಿಸಿ ಆ ಹಲ್ಲು ಕಿತ್ತಾಗಿತ್ತು. ಡಾಕ್ಟರು ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. "ರಕ್ತ ಗಂಟಲಿಗೆ ಇಳಿದಿದ್ದಿದ್ರೆ?" ಎಂದು ನನ್ನನ್ನೇ ಕೇಳಿದರು. ನಾನು ಪೆಟ್ಟಿಗೆ ಬಿಚ್ಚಿ ಜಂಪರನ್ನು ಟ್ಯೂಬುಲರ್ ಜಾಗಕ್ಕೆ ಚುಚ್ಚಿದೆ.

ಅದಾದ ವರ್ಷವೇ ಅಶ್ವತ್ಥರೆಡ್ಡಿಯವರ ಮನೆವ್ಯಾನು ನಮ್ಮ ಕೈಗೆ ಬಂತು.

ಅಶ್ವತ್ಥರೆಡ್ಡಿ ಚಿಂತಾಮಣಿ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರರು. ಅವರ ತಾಯಿ ನಾರಾಯಣಮ್ಮನವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ನಡೆಯಲು ಆಗುತ್ತಿರಲಿಲ್ಲ. ಆದರೆ ಊರು ನೋಡುವ ಆಸೆ ಹೋಗಿರಲಿಲ್ಲ. ಮಗ ಹಳೆಯ ಮಿನಿಬಸ್ಸೊಂದನ್ನು ಕೊಂಡು ಸೀಟುಗಳನ್ನೆಲ್ಲ ಕಿತ್ತು ಒಳಗೆ ಮಂಚ, ಅಡುಗೆ ಕಟ್ಟೆ, ಗ್ಯಾಸ್ ಒಲೆ, ಫ್ಯಾನು, ದೀಪ ಎಲ್ಲ ಮಾಡಿಸಿದರು. ಚಾವಣಿಯ ಮೇಲೆ ಪ್ಯಾನೆಲ್ ಹಾಕುವ ಕೆಲಸ ನಮ್ಮದು.

ಬ್ಯಾಟರಿ ಎಲ್ಲಿಡುವುದು ಎಂಬುದಕ್ಕೆ ದೊಡ್ಡ ವಾದವಾಯಿತು. ಶಂಕರಪ್ಪ ಸಾರ್ ಗಾಡಿಯ ಹೊರಗೆ, ಕೆಳಗಡೆ ಪೆಟ್ಟಿಗೆ ಕಟ್ಟಬೇಕೆಂದರು. ರೆಡ್ಡಿಯವರು ಕಳ್ಳರು ಬಿಚ್ಚಿಕೊಂಡು ಹೋಗುತ್ತಾರೆ, ಒಳಗೇ ಇರಲಿ ಎಂದರು. ಕೊನೆಗೆ ಮಂಚದ ಕೆಳಗೆ ಹಲಗೆಯ ಗೂಡು ಮಾಡಿ, ಅದರಿಂದ ಗ್ಯಾಸ್ ಹೊರಹೋಗಲು ಗಾಡಿಯ ತಳದಿಂದಾಚೆಗೆ ಒಂದು ಕೊಳವೆ ಇಳಿಸಿದೆವು. ಬ್ಯಾಟರಿ ಟ್ಯೂಬುಲರ್, ಜಂಪರ್ ಟ್ಯೂಬುಲರ್ ಜಾಗದಲ್ಲಿ. ಸಾರ್ ತಾವೇ ಎರಡು ಸಲ ನೋಡಿದರು.

ಆಮೇಲೆ ಆದದ್ದು ನಮಗೆ ಗೊತ್ತಾದದ್ದು ತಡವಾಗಿ. ಘಾಟಿಯ ತಿರುವುಗಳಲ್ಲಿ ಟ್ಯೂಬುಲರ್ ಬ್ಯಾಟರಿಯಿಂದ ಆ್ಯಸಿಡ್ ತುಳುಕಿ ಕೆಳಗಿನ ಹಲಗೆ ಕಪ್ಪಾಯಿತಂತೆ. ರೆಡ್ಡಿಯವರು ಬೇರೆ ಊರಿನ ಅಂಗಡಿಯೊಂದರಲ್ಲಿ ಆ ಬ್ಯಾಟರಿಯನ್ನು ಕೊಟ್ಟು ಸೀಲ್ಡ್ ಬ್ಯಾಟರಿಗಳನ್ನು ಹಾಕಿಸಿಕೊಂಡರು. "ಇದಕ್ಕೆ ನೀರೂ ಬೇಡ, ಗ್ಯಾಸೂ ಇಲ್ಲ" ಎಂದಿದ್ದರಂತೆ ಅಂಗಡಿಯವರು. ಗ್ಯಾಸ್ ಇಲ್ಲವೆಂದ ಮೇಲೆ ಕೊಳವೆ ಯಾಕೆ? ಅದರಿಂದ ಇಂಜಿನ್ನಿನ ಹೊಗೆ ಮೇಲೆ ಬರುತ್ತದೆ ಎಂದು ಬಟ್ಟೆ ತುರುಕಿ ಮುಚ್ಚಿದರು. ಕಂಟ್ರೋಲರ್ ಡ್ರೈವರ್ ಸೀಟಿನ ಹಿಂದೆ ಇತ್ತು. ಅದರ ಮುಚ್ಚಳ ತೆಗೆದು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬೇಸಿಗೆ. ನಾನು ಚಿಂತಾಮಣಿಯಲ್ಲಿ ಒಂದು ಅಂಗಡಿಯ ಸೋಲಾರ್ ರಿಪೇರಿ ಮಾಡುತ್ತಿದ್ದೆ. ನನ್ನ ಮೊಬೈಲಿಗೆ ಕರೆ ಬಂತು. ರೆಡ್ಡಿಯವರ ಹೆಂಡತಿ ಪದ್ಮ.

"ಮೇಡಂ, ಕೈವಾರಕ್ಕೆ ಬಂದಿದೀವಿ. ಫ್ಯಾನು ಬೆಳಗ್ಗಿಂದ ಹುಚ್ಚು ಹಿಡಿದಂಗೆ ತಿರುಗ್ತೈತೆ. ಲೈಟು ಹಾಕಿದ್ರೆ ಕಣ್ಣು ಕುಕ್ತೈತೆ. ಏನಾದ್ರೂ ತೊಂದ್ರೆನಾ?"

ವೋಲ್ಟೇಜ್ ಏರಿದೆ ಎಂದು ತಿಳಿಯಿತು. ಅಷ್ಟಕ್ಕೇ ಎದೆ ಹೊಡೆದುಕೊಳ್ಳಬೇಕಿರಲಿಲ್ಲ. "ವಾಸನೆ ಏನಾದ್ರೂ ಬರ್ತಿದ್ಯಾಮ್ಮ?" ಎಂದೆ.

"ಅತ್ತೆ ಬೆಳಗ್ಗಿಂದ ಕೊಳೆತ ಮೊಟ್ಟೆ ವಾಸ್ನೆ ಅಂತಾನೇ ಅವ್ರೆ. ಪಕ್ಕದ ಮೋರಿ ಇರ್ಬೇಕು ಅಂದ್ಕೊಂಡ್ವಿ."

"ಬ್ಯಾಟರಿಗೆ ನೀರು ಹಾಕಿದ್ರಾ?"

"ಅದನ್ನ ತೆಗೆಸಿ ಸೀಲ್ಡು ಹಾಕ್ಸಿದಾರಲ್ಲ ಇವ್ರು."

ಕೊಳೆತ ಮೊಟ್ಟೆಯದು ಅತಿಯಾಗಿ ಕಾದ ಬ್ಯಾಟರಿಯ ವಾಸನೆ. "ಅತ್ತೆ ಎಲ್ಲಿದಾರೆ?"

"ಒಳಗೆ ಮಲ್ಗವ್ರೆ. ಇವ್ರು ದರ್ಶನದ ಸಾಲಲ್ಲಿ ನಿಂತವ್ರೆ. ಧೂಳು ಅಂತ ಕಿಟ್ಕಿ ಎಲ್ಲಾ ಹಾಕ್ಬಿಟ್ಟು ಈಗ ಅತ್ತೆಗೆ ಒಂದಿಷ್ಟು ಕಾಫಿ ಕಾಯ್ಸೋಣ ಅಂತ..."

"ಒಲೆ ಹಚ್ಬೇಡಿ!" ಎಂದು ನಾನು ಕೂಗಿದೆ. "ಪದ್ಮಾ, ಒಲೆ ಹಚ್ಬೇಡಿ, ಯಾವ ಸ್ವಿಚ್ಚೂ ಮುಟ್ಬೇಡಿ!" ಆ ಕಡೆ ಸದ್ದಿರಲಿಲ್ಲ. ಫೋನು ಕಟ್ಟಾಗಿತ್ತು. ಮತ್ತೆ ಮಾಡಿದೆ. ಸ್ವಿಚ್ ಆಫ್. ನಾನು ಹೇಳಿದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. ರೆಡ್ಡಿಯವರ ನಂಬರಿಗೆ ಮಾಡಿದರೆ ಬರೀ ರಿಂಗಾಗುತ್ತಿತ್ತು.

ಚೀಲವನ್ನು ಹೆಗಲಿಗೆ ಹಾಕಿಕೊಂಡು ಬೀದಿಗೆ ಓಡಿ ಸಿಕ್ಕಿದ ಆಟೋ ಹತ್ತಿದೆ. ದಾರಿಯಲ್ಲೇ ಶಂಕರಪ್ಪ ಸಾರ್‌ಗೆ ಫೋನು ಮಾಡಿದೆ. ಏನು ಹೇಳಿದೆನೋ, ಅರ್ಧಂಬರ್ಧ ಅಳುತ್ತಲೇ ಹೇಳಿದ್ದಿರಬೇಕು. ಅವರು ಹೇಳಿದರು: "ವೈರು ಕೀಳೋಕೆ ಹೋಗ್ಬೇಡ, ಕಿಡಿ ಬರ್ತದೆ. ಮೊದ್ಲು ಬಿಸಿಲು ನಿಲ್ಸು. ಆಮೇಲೆ ಅಜ್ಜಿನ ಆಚೆ ತೆಗಿ. ಮಿಕ್ಕಿದ್ದೆಲ್ಲ ಆಮೇಲೆ. ನಾನು ಹೊರಟೆ."

ಬಿಸಿಲು ನಿಲ್ಲಿಸುವುದು. ಹೊರಗೆ ನೋಡಿದೆ. ಒಂದು ಮೋಡವಿರಲಿಲ್ಲ. ರಸ್ತೆಯ ಎರಡೂ ಕಡೆ ಹೊಲಗಳು ಬಿಳಿಚಿಕೊಂಡು ಉರಿಯುತ್ತಿದ್ದವು. ಆ ದಾರಿಯುದ್ದಕ್ಕೂ ನಾನು ಮುಂದೆ ನೋಡುತ್ತಲೇ ಇದ್ದೆ, ಎಲ್ಲಾದರೂ ಹೊಗೆ ಕಾಣುತ್ತದೋ ಎಂದು. ದೂರದಲ್ಲಿ ಯಾರೋ ಕಸಕ್ಕೆ ಹಚ್ಚಿದ ಹೊಗೆ ಕಂಡು ನನ್ನ ಬಾಯಿಂದ ಕೂಗೇ ಹೊರಟುಬಿಟ್ಟಿತು. ಆಟೋದವರು ಹಿಂದಿರುಗಿ ನೋಡಿ, "ಏಮೈಂದಮ್ಮಾ?" ಎಂದರು, ಏನಾಯಿತೆಂದು. ಬೇಗ ಹೋಗಿ ಎಂದು ಕೈ ಮಾಡಿದೆ.

ಗಾಡಿ ಬಯಲಿನಲ್ಲಿ, ನೆರಳೇ ಇಲ್ಲದ ಕಡೆ ನಿಂತಿತ್ತು. ಬ್ಯಾಟರಿ ಚೆನ್ನಾಗಿ ತುಂಬಲಿ ಎಂದು ಬೇಕೆಂದೇ ಬಿಸಿಲಿಗೆ ನಿಲ್ಲಿಸಿದ್ದರು. ಎಲ್ಲ ಕಿಟಕಿ ಮುಚ್ಚಿತ್ತು. ಆಟೋ ಇಳಿಯುವಾಗ ಎದುರಿನ ಅಂಗಡಿಯಿಂದ ಪದ್ಮ ಸೆರಗು ತಲೆಗೆ ಹೊದ್ದುಕೊಂಡು ಗಾಡಿಯ ಬಾಗಿಲ ಕಡೆ ನಡೆದು ಬರುತ್ತಿದ್ದರು.

"ನೀವೇ ಬಂದ್ಬಿಟ್ರಾ ಮೇಡಂ? ಫೋನ್‌ದು ಚಾರ್ಜ್ ಹೋಯ್ತು. ಒಲೆ ಲೈಟರು ಕೆಟ್ಟೋಗಿತ್ತು, ಅಂಗ್ಡಿ ಈಗ ತೆಗೆದ್ರು, ಅದಕ್ಕೆ..." ಎಂದು ಮುಷ್ಟಿ ಬಿಚ್ಚಿದರು. ಹೊಸ ಬೆಂಕಿಪೊಟ್ಟಣ.

ನಾನು ಅದನ್ನು ಕಿತ್ತುಕೊಂಡು ಬಯಲಿನಾಚೆಗೆ ಎಸೆದೆ. ಆಕೆ ಹೆದರಿ ಹಿಂದೆ ಸರಿದರು. ಅಷ್ಟರಲ್ಲಿ ರೆಡ್ಡಿಯವರು ಓಡಿ ಬರುತ್ತಿದ್ದರು. ನನ್ನ ಕರೆಗಳನ್ನು ಆಗ ನೋಡಿದ್ದರಂತೆ. ನಾನು ನಾಲ್ಕು ಮಾತಿನಲ್ಲಿ ಹೇಳಿದೆ. "ಗಾಡಿನ ನೆರಳಿಗೆ ತಗೊಂಡು ಹೋಗ್ತೀನಿ" ಎಂದು ಜೇಬಿನಿಂದ ಕೀ ತೆಗೆದು ಡ್ರೈವರ್ ಬಾಗಿಲಿಗೆ ಕೈ ಹಾಕಿದರು.

"ಕೀ ತಿರುಗಿಸಬೇಡಿ! ಇಂಜಿನ್ ಶುರುವಾಗುವ ಕಿಡಿಗೇ ಹತ್ಕೊಳ್ಳತ್ತೆ. ಅಮ್ಮ ಒಳಗಿದಾರೆ!"

ಅವರ ಕೈ ಬಾಗಿಲಲ್ಲೇ ನಿಂತಿತು.

ಬಸ್ಸಿಗೆ ಕಾಯುತ್ತಿದ್ದ ಯಾತ್ರಿಕರ ಹತ್ತಿರ ಜಮಖಾನ, ಕಂಬಳಿ ಕೇಳಿ ತಂದೆವು. ಗಾಡಿಯ ಹಿಂದಿನ ಏಣಿ ಹತ್ತಿ ಚಾವಣಿಗೆ ಹೋದೆ. ಪ್ಯಾನೆಲ್ಲಿನ ಅಂಚು ಮುಟ್ಟಿದರೆ ಕಾದ ಹೆಂಚು. ಕಾಲ ಕೆಳಗಿನ ತಗಡಿನ ಕೆಳಗೆ, ಗ್ಯಾಸ್ ತುಂಬಿದ ಕೋಣೆಯಲ್ಲಿ ಒಬ್ಬ ಮುದುಕಿ ಮಲಗಿದ್ದಾಳೆ, ನಾನು ಅದರ ಮೇಲೆ ನಿಂತಿದ್ದೇನೆ. ನನಗೂ ಮನೆಯಲ್ಲಿ ಇಬ್ಬರು ಮಕ್ಕಳಿದ್ದರು. ಇಳಿದು ಓಡಿಬಿಡೋಣ ಎಂದು ಕಾಲು ಹೇಳುತ್ತಿತ್ತು. ಒಂದೊಂದೇ ಕಂಬಳಿ ಹಾಸಿದೆ. ಕೊನೆಯದನ್ನು ಹಾಸಿದ ಮೇಲೆ ಕೆಳಗೆ ಕಿರುಗುಟ್ಟುತ್ತಿದ್ದ ಫ್ಯಾನಿನ ಸದ್ದು ಸ್ವಲ್ಪ ಇಳಿಯಿತು. ಬಿಸಿಲು ನಿಂತಿತ್ತು.

ಬಾಗಿಲು ತೆರೆದೆವು. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ನಾನು ಉಸಿರು ಬಿಗಿಹಿಡಿದು ಒಳಹೋಗಿ ಕಿಟಕಿಗಳನ್ನು ತಳ್ಳಿದೆ. ನಾರಾಯಣಮ್ಮನವರು ಕಣ್ಣು ಮುಚ್ಚಿ ಮಲಗಿದ್ದರು. ಒಂದು ಕ್ಷಣ ಸತ್ತೇಹೋದರು ಎಂದುಕೊಂಡೆ. ಮುಟ್ಟಿದಾಗ ಕಣ್ಣು ಬಿಟ್ಟು ಕೆಮ್ಮಿದರು.

"ಕೆಳ್ಗಡೆ ಯಾರೋ ಒಲೆ ಹಚ್ಚವ್ರಮ್ಮ," ಎಂದರು ಸಣ್ಣ ದನಿಯಲ್ಲಿ. "ಬೆನ್ನೆಲ್ಲಾ ಸುಡ್ತೈತೆ. ಹೇಳಿದ್ರೆ ಜ್ವರ ಬಂದೈತೆ ನಿಂಗೆ ಅಂತಾರೆ."

ಹಾಸಿಗೆಯ ಕೆಳಗೆ ಕೈಯಿಟ್ಟೆ. ಹಲಗೆ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಅದರೊಳಗಿಂದ ಸ್ಸ್ ಎಂಬ ಸಣ್ಣ ಸದ್ದು ಬರುತ್ತಿತ್ತು, ಹಾವಿನ ಹುತ್ತದ ಹತ್ತಿರ ನಿಂತ ಹಾಗೆ. ರೆಡ್ಡಿಯವರೂ ಮೂವರು ಯಾತ್ರಿಕರೂ ಹಾಸಿಗೆಯ ನಾಲ್ಕು ಮೂಲೆ ಹಿಡಿದರು. "ಮೆಲ್ಲಗಾ ನಾಯ್ನಾ, ನಡುಮು," ಎಂದು ಆಕೆ ಮಗನಿಗೆ ಹೇಳುತ್ತಿದ್ದರು, ಸೊಂಟ ಜೋಪಾನವೆಂದು. ಯಾರ ಚಪ್ಪಲಿಯ ಮೊಳೆ ತಗಡಿಗೆ ಉಜ್ಜಿದರೂ ನನ್ನ ಜೀವ ಹೋಗಿ ಬರುತ್ತಿತ್ತು. ಆಕೆಯನ್ನು ದೂರದ ಹುಣಸೆಮರದ ಕೆಳಗೆ ಮಲಗಿಸಿದ ಮೇಲೆ ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ.

ಆದರೂ ಮುಗಿದಿರಲಿಲ್ಲ. ಬಿಸಿಲು ನಿಲ್ಲಿಸಿದರೂ ಒಳಗೆ ಕಾದ ಬ್ಯಾಟರಿ ತಕ್ಷಣ ತಣಿಯುವುದಿಲ್ಲ. ಗಾಡಿಯ ಸುತ್ತ ಯಾರೂ ಹೋಗದಂತೆ ಕಾಯಬೇಕಿತ್ತು. ಒಬ್ಬ ಮುದುಕಪ್ಪ ಬೀಡಿ ಕಚ್ಚಿಕೊಂಡು ಏನೆಂದು ನೋಡಲು ಹತ್ತಿರ ಹೋಗುತ್ತಿದ್ದ. ಪದ್ಮನೇ ಓಡಿಹೋಗಿ ಆ ಬೀಡಿಯನ್ನು ಅವನ ತುಟಿಯಿಂದ ಕಿತ್ತು ದೂರ ಎಸೆದರು. ರೆಡ್ಡಿಯವರು ಹೆದರಿಕೆ ಇಳಿದ ಮೇಲೆ ನನ್ನ ಮೇಲೆ ಸಿಟ್ಟಾದರು. "ನೀವು ಕೂರಿಸಿದ ಸಾಮಾನು ತಾನೇ? ನಮ್ಮಮ್ಮಂಗೆ ಏನಾದ್ರೂ ಆಗಿದ್ದಿದ್ರೆ?" ಎಂದರು. ಆ ಹೊತ್ತಿನಲ್ಲಿ ವಿವರಿಸಿದರೆ ಯಾರಿಗೂ ಕೇಳಿಸುವುದಿಲ್ಲ.

ಶಂಕರಪ್ಪ ಸಾರ್ ಬಂದಾಗ ಹೊತ್ತು ಇಳಿದಿತ್ತು. ಬಾಗಿಲಲ್ಲಿ ನಿಂತು ಗಾಳಿ ಎಳೆದುಕೊಂಡರು, ತಲೆ ಅಲ್ಲಾಡಿಸಿದರು, ಇನ್ನಷ್ಟು ಹೊತ್ತು ಕಾದರು. ಎರಡನೆಯ ಸಲ ಎಳೆದುಕೊಂಡ ಮೇಲೆ ಒಳಗೆ ಹೋದೆವು. ಮಂಚದ ಹಲಗೆ ಎತ್ತಿದಾಗ ಕಂಡದ್ದನ್ನು ನಾನು ಮರೆತಿಲ್ಲ. ಚೌಕಾಕಾರದ ಬ್ಯಾಟರಿಗಳ ಹೊಟ್ಟೆ ಪೂರಿಯ ಹಾಗೆ ಉಬ್ಬಿತ್ತು. ಒಂದರ ಮೂಲೆ ಬಿರಿದಿತ್ತು. ಕೊಳವೆಯ ಬಾಯಲ್ಲಿ ತುರುಕಿದ ಬಟ್ಟೆ ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಪುಡಿಯಾಯಿತು. ಸಾರ್ ಕಂಟ್ರೋಲರ್ ಮುಚ್ಚಳ ಬಿಚ್ಚಿ ರೆಡ್ಡಿಯವರನ್ನು ಹತ್ತಿರ ಕರೆದು ಜಂಪರ್ ತೋರಿಸಿದರು. ಅದು ನಾವು ಇಟ್ಟಲ್ಲೇ, ಟ್ಯೂಬುಲರ್ ಜಾಗದಲ್ಲೇ ಇತ್ತು.

"ಇದು ಇನ್ನೂ ಹಳೇ ಬ್ಯಾಟರಿನೇ ಐತೆ ಅಂದ್ಕೊಂಡು ಕುದಿಸ್ತಾ ಇತ್ತು ಸ್ವಾಮಿ. ಇದರ ಕೆಲಸ ಇದು ಸರಿಯಾಗೇ ಮಾಡೈತೆ."

ರೆಡ್ಡಿಯವರು ಆ ಸಣ್ಣ ತುಂಡನ್ನು ಬಹಳ ಹೊತ್ತು ನೋಡಿದರು. ಆಮೇಲೆ ಇಳಿದು ಹೋಗಿ ತಾಯಿಯ ಕಾಲ ಬಳಿ ಕೂತರು.

ನಮ್ಮ ಕೆಲಸದ ರೀತಿ ಅಲ್ಲಿಂದ ಬದಲಾಯಿತು. ಬ್ಯಾಟರಿ ಬದಲಿಸಿದವರು ನಮಗೆ ಹೇಳುತ್ತಾರೆ ಎಂದು ಕಾಯುವುದನ್ನು ಬಿಟ್ಟೆವು. ನಾವೇ ಕೇಳುವುದು ಶುರುವಾಯಿತು. ಶಾಖ ಅಳೆಯುವ ತಂತಿಯನ್ನು ಕಂಟ್ರೋಲರ್ ಪೆಟ್ಟಿಗೆಯೊಳಗೆ ಬಿಡದೆ ಬ್ಯಾಟರಿಯ ಮೈಗೇ ಅಂಟಿಸತೊಡಗಿದೆವು. ಗಾಡಿಯೊಳಗೆ ಮುಂಭಾಗದಲ್ಲಿ ತಂಪಾಗಿ ಕೂತ ಪೆಟ್ಟಿಗೆಗೆ ಹಿಂದಿನ ಗೂಡಿನ ಸೆಕೆ ಹೇಗೆ ತಿಳಿಯಬೇಕು? ಬ್ಯಾಟರಿ ಬಿಸಿಯಾದಷ್ಟೂ ಕೊಡುವ ವೋಲ್ಟೇಜ್ ಇಳಿಯಬೇಕು. ಈಗ ಲಿಥಿಯಂ ಬಂದಿದೆ, ಜಂಪರ್ ಹೋಗಿ ಫೋನಿನಲ್ಲೇ ಬೆರಳಿಟ್ಟು ಬ್ಯಾಟರಿಯ ಜಾತಿ ಆರಿಸುತ್ತೀರಿ. ಬೆರಳು ಜಾರಿದರೆ ಆಗುವುದು ಇಂದಿಗೂ ಅದೇ. ಮಕ್ಕಳೇ, ಗಾಡಿ ಎಂದರೆ ಮನೆಯಲ್ಲ. ಮನೆಯಲ್ಲಿ ಬ್ಯಾಟರಿ ಹೊರಗಿನ ಮೂಲೆಯಲ್ಲಿರುತ್ತದೆ. ಗಾಡಿಯಲ್ಲಿ ಅದರ ಮೇಲೆ ಯಾರೋ ಮಲಗಿರುತ್ತಾರೆ.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ರೆಡ್ಡಿಯವರೇ ಹೇಳಿ ಕಳಿಸಿದರು. ಬ್ಯಾಟರಿಯನ್ನು ಗಾಡಿಯ ಹೊರಗೆ, ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಗೆ ಹಾಕಿಕೊಡಬೇಕೆಂದರು. ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದಾಗ ಅಂಗಳದ ಮಂಚದಿಂದ ನಾರಾಯಣಮ್ಮನವರು ನನ್ನನ್ನು ಕರೆದರು. ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಒದ್ದೆ ಕೈ ಹಿಡಿದರು.

"ಅವತ್ತು ಮೇಲೆ ಹತ್ತಿದ್ಯಲ್ಲಮ್ಮ, ದಡದಡ ಅಂತ ಕಾಲಿನ ಸದ್ದು ಕೇಳಿಸ್ತಿತ್ತು ನಂಗೆ. ಭಯ ಆಗ್ಲಿಲ್ವಾ?"

"ತುಂಬಾ ಆಯ್ತು ಅಜ್ಜಿ. ಇವತ್ತೂ ಆಗ್ತಾನೇ ಇತ್ತು, ಕೆಲಸ ಮಾಡ್ಬೇಕಾದ್ರೆ."

ಆಕೆ ನಕ್ಕರು. ಗಾಡಿಯ ಕಡೆ ಒಮ್ಮೆ ನೋಡಿದರು.

"ಹಂಗಾದ್ರೆ ಸರಿ. ನೀನು ಹೆದ್ರಕೊಂಡೇ ಕಟ್ಟಿದ್ರೆ ನಾನು ಧೈರ್ಯವಾಗಿ ಮಲಗ್ತೀನಿ," ಎಂದು ಹೇಳಿ ಮಗನನ್ನು ಕೂಗಿದರು. "ಅಶ್ವತ್ಥಾ, ಬಾರಪ್ಪಾ, ಗಾಡಿ ಹತ್ಸು ನನ್ನ."